ಅಪ್ಪ ಬರೆಯದ ಪ್ರಬಂಧ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಪರೀಕ್ಷೆಗೆ ಓದಿ ಓದಿ ಸುಸ್ತಾಗುತ್ತಿದ್ದವನು ನಾನಲ್ಲ, ನಮ್ಮಪ್ಪ. ನಗಬೇಡಿ, ನಿಜ. ನನಗಾಗ ಒಂಬತ್ತು ವರ್ಷ, ಅಪ್ಪನಿಗೆ ನಲವತ್ತರ ಹತ್ತಿರ. ನಾವಿದ್ದದ್ದು ಕೆ.ಜಿ.ಎಫ್.ನ ಊರಿಗಾಂನಲ್ಲಿ, ಚಿನ್ನದ ಗಣಿ ಕೆಲಸಗಾರರ ಸಾಲುಮನೆಯಲ್ಲಿ. ಒಂದು ಕೋಣೆ, ಒಂದು ಒಲೆ, ಇಬ್ಬರೇ ಜನ. ಅಮ್ಮನನ್ನು ನಾನು ಫೋಟೋದಲ್ಲಿ ಮಾತ್ರ ನೋಡಿದ್ದೆ. ಗಾಳಿ ಬೀಸಿದರೆ ಗಣಿಯ ಮಣ್ಣಿನ ದಿಬ್ಬದಿಂದ ಬಿಳಿ ಧೂಳು ಹಾರಿಬಂದು ತಟ್ಟೆಯ ಮೇಲೂ ಕೂರುತ್ತಿತ್ತು. ಅಕ್ಕಪಕ್ಕದವರೆಲ್ಲ ತಮಿಳು ಮಾತಾಡುವವರು. ಬಂಗಾರಪೇಟೆ ಕಡೆಯ ಹಳ್ಳಿಯಿಂದ ಬಂದ ನಮ್ಮದು ಆ ಸಾಲಿಗೆಲ್ಲ ಒಂದೇ ಕನ್ನಡದ ಮನೆ.

ಅಪ್ಪ ನೆಲದ ಕೆಳಗೆ ಬಂಡೆ ಕೊರೆಯುತ್ತಿದ್ದ. ಅವನ ಪಾಳಿ ವಾರ ವಾರವೂ ಬದಲಾಗುತ್ತಿತ್ತು. ನಾನು ಶಾಲೆಯಿಂದ ಬಂದಾಗ ಹೆಚ್ಚಾಗಿ ಬಾಗಿಲಿಗೆ ಬೀಗವೇ ಇರುತ್ತಿತ್ತು. ಸಂಜೆಯಾದರೆ ಆಡುತ್ತಿದ್ದ ಮಕ್ಕಳನ್ನೆಲ್ಲ ಅವರವರ ಮನೆಯವರು ಹೆಸರು ಹಿಡಿದು ಕೂಗಿ ಕರೆಯುತ್ತಿದ್ದರು. ನನ್ನನ್ನು ಕರೆಯುವವರು ಯಾರು? ಎಷ್ಟೋ ಸಲ ನಾನೇ ನನ್ನ ಹೆಸರು ಕೂಗಿಕೊಂಡು, ‘ಬಂದೆ’ ಎಂದು ನಾನೇ ಉತ್ತರ ಕೊಟ್ಟು ಒಳಗೆ ಹೋಗುತ್ತಿದ್ದೆ. ಈಗ ಹೇಳಿದರೆ ತಮಾಷೆ ಅನಿಸುತ್ತದೆ. ಆಗ ತಮಾಷೆಯಾಗಿರಲಿಲ್ಲ.

ಆ ಕಾಲದಲ್ಲಿ ಸರ್ಕಾರ ಒಂದು ಹೊಸ ದಾರಿ ಮಾಡಿತ್ತು. ಶಾಲೆ ಅರ್ಧಕ್ಕೆ ಬಿಟ್ಟವರೂ ಒಂದು ಪ್ರವೇಶ ಪರೀಕ್ಷೆ ಪಾಸಾದರೆ ಸಾಕು, ಪಾಠದ ಪುಸ್ತಕಗಳು ಅಂಚೆಯಲ್ಲಿ ಮನೆಗೇ ಬರುತ್ತಿದ್ದವು. ಕೆಲಸ ಬಿಡದೆ ಓದಿ ಡಿಗ್ರಿ ಮಾಡಬಹುದಿತ್ತು. ಡಿಗ್ರಿ ಇದ್ದರೆ ಗಣಿಯ ಮೇಲುಗಡೆ ಹಾಜರಿ ಬರೆಯುವ ಕೆಲಸ ಸಿಕ್ಕೀತು ಎಂದು ಅಪ್ಪನಿಗೆ ಯಾರೋ ಹೇಳಿದ್ದರು. ಬರೀ ಹಗಲು ಕೆಲಸ, ಸಂಜೆಗೆ ಮನೆ. ಅಷ್ಟು ಕೇಳಿದ್ದೇ ತಡ, ಅಪ್ಪನಿಗಿಂತ ಹೆಚ್ಚಾಗಿ ನಾನು ಆ ಡಿಗ್ರಿಗೆ ಆಸೆಪಟ್ಟೆ.

ಅಪ್ಪ ಗೋಡೆಗೆ ಮುಖ ಮಾಡಿ ಓದಲು ಕೂತರೆ ನಾನು ಉಸಿರೆತ್ತುತ್ತಿರಲಿಲ್ಲ. ಕೊರೆಯುವ ಯಂತ್ರ ಹಿಡಿದು ಹಿಡಿದು ಅವನ ಬೆರಳುಗಳು ಪೆನ್ನು ಮುಟ್ಟಿದರೆ ನಡುಗುತ್ತಿದ್ದವು. ಊರಿನಿಂದ ಬಂದಿದ್ದ ನೆಂಟನೊಬ್ಬ, “ಏನ್ಲಾ, ಜನಕ್ಕೆ ಅರವತ್ತಕ್ಕೆ ಅರಳು ಮರಳು, ನಿಂಗೆ ನಲವತ್ತಕ್ಕೇ ಬಂದ್ಬುಡ್ತಾ?” ಎಂದು ಆಡಿಕೊಂಡಿದ್ದ. ಅಪ್ಪ ತಲೆಯೆತ್ತದೆ ಹಾಳೆ ತಿರುಗಿಸಿದ್ದ.

ಪರೀಕ್ಷೆ ಇದ್ದದ್ದು ಬಂಗಾರಪೇಟೆಯ ಒಂದು ಶಾಲೆಯಲ್ಲಿ, ಒಂದು ಭಾನುವಾರ. ನನ್ನನ್ನು ಬಿಟ್ಟುಹೋಗಲು ಮನೆಯಲ್ಲಿ ಯಾರೂ ಇಲ್ಲವಲ್ಲ, ಅಪ್ಪ ಕರೆದುಕೊಂಡೇ ಹೊರಟ. ಅಂಗಡಿಯಲ್ಲಿ ಇಸ್ತ್ರಿ ಮಾಡಿಸಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಡಬ್ಬಿಯಲ್ಲಿ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ರೈಲಿನುದ್ದಕ್ಕೂ ಅಪ್ಪನ ತುಟಿ ಅಲ್ಲಾಡುತ್ತಲೇ ಇತ್ತು, ನನ್ನ ಜೊತೆ ಒಂದು ಮಾತಿಲ್ಲ.

ಶಾಲೆಯ ಅಂಗಳದಲ್ಲಿದ್ದ ಹೊಂಗೆ ಮರದ ಕೆಳಗೆ ನನ್ನನ್ನು ಕೂರಿಸಿ, “ಇಲ್ಲೇ ಕೂತಿರ್ಲಾ, ಎಲ್ಲೂ ಓಗ್ಬೇಡ. ಮುಗೀತಿದ್ದಂಗೆ ಬಂದ್ಬುಡ್ತೀನಿ,” ಎಂದು ಹೇಳಿ ಒಳಗೆ ಹೋದ. ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದ. ಅವನ ಸುತ್ತ ಇದ್ದವರೆಲ್ಲ ಅವನಿಗಿಂತ ಚಿಕ್ಕವರು. ನಮ್ಮಪ್ಪ ಹೆದರಿದ್ದನ್ನು ನಾನು ನೋಡಿದ್ದು ಆಗಲೇ. ಅಲ್ಲಿಯ ತನಕ ಅವನಿಗೆ ಹೆದರಿಕೆಯೇ ಇಲ್ಲ ಅಂದುಕೊಂಡಿದ್ದೆ.

ಮೂರು ಗಂಟೆ ಕಾಯುವುದೆಂದರೆ ಸುಮ್ಮನೇನಾ? ಹೊಂಗೆ ಹೂವು ಹೆಕ್ಕಿ ಸಾಲಾಗಿ ಇಟ್ಟೆ, ಕೆಡಿಸಿದೆ. ಕಟ್ಟಿರುವೆಗಳನ್ನು ಎಣಿಸಿದೆ. ಸ್ಟೇಷನ್ ಕಡೆಯಿಂದ ಎಂಜಿನ್ ಕೂಗಿದಾಗಲೆಲ್ಲ, ಅಪ್ಪ ಇನ್ನೊಂದು ಬಾಗಿಲಿನಿಂದ ಹೊರಟೇ ಹೋಗಿಬಿಟ್ಟಿದ್ದರೆ ಎಂದು ಎದ್ದು ನಿಂತು ಶಾಲೆಯ ಬಾಗಿಲನ್ನೇ ನೋಡುತ್ತಿದ್ದೆ. ಡಬ್ಬಿಯ ಮುಚ್ಚಳ ತೆಗೆದು ಚಟ್ನಿಯ ವಾಸನೆ ನೋಡಿ ಮತ್ತೆ ಮುಚ್ಚಿದೆ. ಅಪ್ಪ ಬರದೆ ತಿನ್ನಬಾರದು ಎಂದು ನಾನೇ ಮಾಡಿಕೊಂಡ ನಿಯಮ.

ಅಷ್ಟರಲ್ಲಿ ಢಣ್ ಎಂದು ಗಂಟೆ ಹೊಡೆಯಿತು. ಹೊಡೆದ ಅರೆಕ್ಷಣಕ್ಕೆ ಅಪ್ಪ ಹೊರಗೆ ಬಂದ. ಅವನೊಬ್ಬನೇ! ಅಷ್ಟು ಜನರಲ್ಲಿ ನಮ್ಮಪ್ಪನೇ ಮೊದಲು! ನಮ್ಮ ತರಗತಿಯಲ್ಲಿ ಲೆಕ್ಕ ಮೊದಲು ಮುಗಿಸಿದವನೇ ಜಾಣ. ನಾನು ಎದ್ದು ಕುಣಿದೆ, ಚಪ್ಪಾಳೆ ತಟ್ಟಿದೆ, “ನಮ್ಮಪ್ಪ ಫಸ್ಟು! ನಮ್ಮಪ್ಪ ಫಸ್ಟು!” ಎಂದು ಕಿರುಚಿದೆ. ಅಪ್ಪನೂ ನಕ್ಕ. ಆಮೇಲೆ ತಿರುಗಿ ನೋಡಿದ. ಹಿಂದೆ ಯಾರೂ ಬರುತ್ತಿರಲಿಲ್ಲ. ಕಿಟಕಿಯಲ್ಲಿ ಎಲ್ಲರ ತಲೆಗಳೂ ಬಗ್ಗಿಯೇ ಇದ್ದವು.

ಅಪ್ಪ ದಡದಡನೆ ವಾಪಸ್ ಓಡಿದ. ನಾನೂ ಹಿಂದೆ ಓಡಿದೆ. ಪರೀಕ್ಷೆ ನೋಡಿಕೊಳ್ಳುತ್ತಿದ್ದ ಮೇಡಂ ಬಾಗಿಲಲ್ಲೇ ತಡೆದು ಮೆಲ್ಲಗೆ, “ಯಜಮಾನ್ರೇ, ಅದು ವಾರ್ನಿಂಗ್ ಬೆಲ್. ಇನ್ನೂ ಅರ್ಧ ಗಂಟೆ ಇತ್ತು. ನೀವು ಬರೆದು ಮುಗಿಸಿದ್ರಿ ಅನ್ಕೊಂಡೆ,” ಎಂದರು.

“ಒಂದು ಪ್ರಶ್ನೆ ಉಳ್ಕೊಂಡೈತೆ ತಾಯಿ. ಒಂದೇ ಒಂದು.”

“ಒಮ್ಮೆ ಕೊಟ್ಟ ಪೇಪರ್ ವಾಪಸ್ ಕೊಡೋ ಹಾಗಿಲ್ಲ. ನನ್ನ ಕೈಲಿಲ್ಲ.” ಅವರ ಮುಖವೂ ಸಪ್ಪಗಾಗಿತ್ತು.

ಅಯ್ಯೋ, ಆ ಹೊತ್ತಿಗೆ ನನ್ನ ಚಪ್ಪಾಳೆಯನ್ನು ಎಲ್ಲಿ ಬಚ್ಚಿಡಲಿ ಎನಿಸಿತು. ಇಬ್ಬರೂ ಮರದ ಕೆಳಗೆ ಕೂತು ರೊಟ್ಟಿ ಮುರಿದೆವು. ಅಪ್ಪ ತನ್ನ ಪಾಲಿನದನ್ನೂ ನನ್ನ ಕಡೆಗೆ ತಳ್ಳಿದ. ಹೊಟ್ಟೆ ತುಂಬಿದ್ದರೂ ಎಲ್ಲ ತಿಂದೆ.

ರೈಲು ಬಂಗಾರಪೇಟೆ ಬಿಟ್ಟ ಮೇಲೆ ಅಪ್ಪ ಕಿಟಕಿಯ ಆಚೆ ನೋಡುತ್ತಾ ಮಾತಾಡಿದ. “ಕೆಳಗಡೆ ಗಂಟೆ ಒಡುದ್ರೆ ಆಮ್ಯಾಕೆ ಮದ್ದು ಸಿಡಿಸ್ತಾರೆ ಕಣ್ಲಾ. ಒಂದ್ನಿಮಿಷ ತಡಿ ಅಂದೋನು ಮ್ಯಾಕೆ ಬರಲ್ಲ. ಅದ್ಕೇ ಗಂಟೆ ಕೇಳ್ತು, ಕೈ ತಾನಾಗೇ ಪೆನ್ನು ಬುಡ್ತು.”

“ಉಳಿದಿದ್ದು ಯಾವ ಪ್ರಶ್ನೆ ಅಪ್ಪಾ?”

“ಪ್ರಬಂಧ. ‘ನಾನು ಮಾಡುವ ಕೆಲಸ’ ಅಂತ. ಅದು ಚೆನ್ನಾಗಿ ಬರ್ತಿತ್ತು. ಸಮಾಧಾನವಾಗಿ ಬರೆಯಾನ ಅಂತ ಕೊನೆಗೆ ಮಡಗಿದ್ದೆ.”

ಆಮೇಲೆ ಆ ಪ್ರಬಂಧವನ್ನು ಅಪ್ಪ ನನಗೆ ಹೇಳಿದ. ಪಂಜರದಂಥ ಲಿಫ್ಟು ಇಳಿಯುವಾಗ ಕಿವಿ ಮುಚ್ಚಿಕೊಳ್ಳುವುದು, ಕೆಳಗಿನ ಬಂಡೆ ಮುಟ್ಟಿದರೆ ಜ್ವರ ಬಂದ ಮೈಯಷ್ಟು ಬಿಸಿ ಇರುವುದು, ಬಂಡೆ ಒಳಗೊಳಗೇ ಕಟಕಟ ಅಂದರೆ ಎಲ್ಲರೂ ಮಾತು ನಿಲ್ಲಿಸುವುದು. “ಮ್ಯಾಕೆ ಮಳೆಯೋ ಬಿಸಿಲೋ ಗೊತ್ತಾಗಲ್ಲ. ಈಟೊತ್ಗೆ ನನ್ ಮಗ ಇಸ್ಕೂಲಿಂದ ಬಂದಿರ್ತಾನೆ, ಬೀಗ ತಗ್ದಿರ್ತಾನೆ, ಒಬ್ನೇ ಕೂತಿರ್ತಾನೆ ಅಂತ ಅಂದ್ಕೊಂತ ಕೊರೀತಿರ್ತೀನಿ.” ಇದನ್ನೂ ಬರೆಯುತ್ತಿದ್ದೆಯಾ ಎಂದು ಕೇಳಿದೆ. “ಊ, ಅದೇ ಕೊನೇ ಸಾಲು,” ಎಂದ. ಅಪ್ಪ ಅಷ್ಟು ಹೊತ್ತು ಬಿಡದೆ ನನ್ನೊಡನೆ ಮಾತಾಡಿದ್ದು ಅದೇ ಮೊದಲು. ಊರಿಗಾಂ ಬಂದಾಗ ರೈಲು ಇನ್ನಷ್ಟು ದೂರ ಹೋಗಬಾರದಿತ್ತೇ ಅನಿಸಿತು.

ಆ ಸಲ ಅಪ್ಪ ಪಾಸಾಗಲಿಲ್ಲ. ಮುಂದಿನ ವರ್ಷ ಮತ್ತೆ ಕಟ್ಟಿದ, ಪಾಸಾದ. ಅಂಚೆಯಲ್ಲಿ ಪುಸ್ತಕಗಳು ಬಂದವು. ಒಂದು ವಿಷಯ ಪಾಸಾದರೆ ಇನ್ನೊಂದು ಫೇಲು. ಡಿಗ್ರಿ ಮುಗಿಯುವುದಕ್ಕೆ ಎಷ್ಟೋ ವರ್ಷಗಳು ಹಿಡಿದವು. ಕಡೆಗೂ ಮೇಲುಗಡೆಯ ಕೆಲಸ ಸಿಕ್ಕಿತು, ಅಪ್ಪ ಸಂಜೆಗೆ ಮನೆ ಸೇರುವಂತಾಯಿತು. ಆದರೆ ನಾನು ಆ ವರ್ಷವೇ ಓದಲು ಕೋಲಾರದ ಹಾಸ್ಟೆಲಿಗೆ ಹೋಗಿದ್ದೆ. ನಾನು ಬೇಡಿಕೊಂಡಿದ್ದ ಸಂಜೆಗಳು ಬಂದಾಗ ಬೀಗ ತೆಗೆದು ಒಬ್ಬನೇ ಕೂರುತ್ತಿದ್ದವನು ಅಪ್ಪ. ಅದು ನೆನಪಾದರೆ ಇವತ್ತಿಗೂ ನನಗೆ ಸಂಕಟವಾಗುತ್ತದೆ.

ಈಗ ನಿಮಗೆ ಆಡಲು ಅಂಗಳವಿಲ್ಲದಿದ್ದರೂ ಕೂಗಿ ಕರೆಯುವವರು ಮನೆ ತುಂಬ ಇದ್ದಾರೆ. ಪಾಠ ಅಂಚೆಯಲ್ಲಿ ಬರುವುದಿಲ್ಲ, ಅಂಗೈಯಲ್ಲಿರುವ ಫೋನಿಗೇ ಬರುತ್ತದೆ. ಆದರೂ ನಿನ್ನೆ ನೀವಿಬ್ಬರೂ ಮುಖ ಊದಿಸಿಕೊಂಡು ಈ ತಾತನ ಹತ್ತಿರ ಬಂದು ದೂರಿದಿರಿ: ಅಮ್ಮ ಕಿವಿಗೆ ವಯರು ಸಿಕ್ಕಿಸಿಕೊಂಡು ಪಾಠ ಕೇಳುತ್ತಾಳೆ, ನಮ್ಮ ಜೊತೆ ಆಡುವುದೇ ಇಲ್ಲ, ಈ ವಯಸ್ಸಿನಲ್ಲಿ ಅವಳಿಗೆ ಡಿಗ್ರಿ ಯಾಕೆ ಅಂತ. ನಿಮ್ಮ ಸಿಟ್ಟು ನನಗೆ ಗೊತ್ತು ಮಕ್ಕಳೇ, ನನ್ನಷ್ಟು ಗೊತ್ತಿರುವವರು ಯಾರೂ ಇಲ್ಲ. ಬರುವ ಭಾನುವಾರ ಅವಳ ಪರೀಕ್ಷೆ. ನಾವು ಮೂವರೂ ಜೊತೆಗೆ ಹೋಗಿ ಹೊರಗೆ ಕಾಯೋಣ. ಅವಳು ಬೇಗ ಬಂದರೂ ತಡವಾಗಿ ಬಂದರೂ ಏನೂ ಕೇಳಬೇಡಿ. ಮೊದಲು ಊಟ ಕೊಡಿ. ಆಮೇಲೆ ಅವಳಾಗಿ ಮಾತಾಡಿದರೆ, ಮನೆ ಬರುವ ತನಕ ಕೇಳುತ್ತಾ ಇರಿ.