ಮಾಸ್ಟರ್ ಜೊತೆ ಹೊರಡಬೇಕಿದ್ದ ವರ್ಷ

ಅವರ ಬಲಗೈ ಹೆಬ್ಬೆರಳು ನೇರವಾಗುತ್ತಿರಲಿಲ್ಲ. ಗೆಣ್ಣಿನ ಹತ್ತಿರ ಒಳಕ್ಕೆ ಬಾಗಿಕೊಂಡಿತ್ತು. ಬುಡದಲ್ಲಿ ಹುಣಿಸೆಬೀಜದಷ್ಟು ದಪ್ಪದ, ಹೆಚ್ಚುಕಡಿಮೆ ಅದೇ ಬಣ್ಣದ ಜಡ್ಡು. ಮೂವತ್ತು ವರ್ಷ ಕತ್ತರಿಯ ಹಿಡಿ ಕೂತ ಜಾಗ ಅದು. ಬಟ್ಟೆಯನ್ನು ಅಟ್ಟಿಯಾಗಿ ಒಟ್ಟಿ ಯಂತ್ರದಲ್ಲಿ ಕತ್ತರಿಸುವ ಕಾಲ ಬಂದ ಮೇಲೂ ಸ್ಯಾಂಪಲ್ ಅಂಗಿಯನ್ನು ಅವರು ಕೈಯಲ್ಲೇ ಕತ್ತರಿಸುತ್ತಿದ್ದರು. ಟೀ ಲೋಟ ಹಿಡಿದಾಗ ಆ ಹೆಬ್ಬೆರಳು ಲೋಟಕ್ಕೆ ತಾಗದೆ ಒಂದು ಕಡೆ ಸುಮ್ಮನೆ ನಿಂತಿರುತ್ತಿತ್ತು.

ಓಖ್ಲಾದ ಒಂದು ಗಾರ್ಮೆಂಟ್ ಎಕ್ಸ್‌ಪೋರ್ಟ್ ಯೂನಿಟ್ಟಿನಲ್ಲಿ ಅವರು ಕಟಿಂಗ್ ಮಾಸ್ಟರ್. ನಾನು ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ ಶಿಪ್ಪಿಂಗ್ ಕಾಗದಪತ್ರ ನೋಡುವ ಗುಮಾಸ್ತ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ತಿಪಟೂರಿನ ನನ್ನ ತಾಯಿಯ ಜೊತೆ ಮಾತಾಡುತ್ತಿದ್ದೆ. ಕೊರಳಿಗೆ ಅಳತೆ ಪಟ್ಟಿ ಹಾಕಿಕೊಂಡ ಒಬ್ಬರು ಎದುರು ಬಂದು, ನಾನು ಫೋನ್ ಇಡುವ ತನಕ ಕಾದು, "ಯಾವ ಊರ್ರಿ ನಿಮ್ದು?" ಅಂದರು. ಅವರದು ಗದಗಿನ ಕಡೆ. ಹುಡುಗನಾಗಿದ್ದಾಗಲೇ ದೆಹಲಿಗೆ ಬಂದವರು. ಊರಿನಲ್ಲಿ ಯಾರೂ ಉಳಿದಿರಲಿಲ್ಲ. ಮದುವೆಯಾಗಿರಲಿಲ್ಲ. ಅವತ್ತಿನಿಂದ ಹದಿನೆಂಟು ವರ್ಷ ನಾವು ಮಧ್ಯಾಹ್ನದ ಊಟ ಒಟ್ಟಿಗೆ ಮಾಡಿದೆವು. ಉಳಿದವರಿಗೆ ಅವರು ಮಾಸ್ಟರ್‌ಜೀ, ನನಗೆ ಮಾಸ್ಟರ್.

ಮಾತು ಕಡಿಮೆ. "ಇನ್ನೊಮ್ಮೆ ನೋಡೂಣು" ಅನ್ನುವುದು ಅವರ ಬಾಯಿಗೆ ಹತ್ತಿದ ಮಾತು. ಗುರುತು ಹಾಕಿದ ಬಟ್ಟೆಗೆ ಕತ್ತರಿ ಇಡುವ ಮುಂಚೆ ಹಾಗನ್ನುತ್ತಿದ್ದರು. ರಸ್ತೆ ದಾಟುವ ಮುಂಚೆಯೂ ಅನ್ನುತ್ತಿದ್ದರು. ಹಿಂದಿ ಸಾಕಷ್ಟು ಬೆರೆತಿದ್ದರೂ ಅವರ ಕನ್ನಡ ಗದಗಿನದಾಗಿಯೇ ಉಳಿದಿತ್ತು.

ಪರದೇಶಕ್ಕೆ ಹೋಗುವ ಮಾತು ಹುಟ್ಟಿದ್ದು ಆ ಊಟದ ಹೊತ್ತಿನಲ್ಲೇ. ನಾನು ದಿನವಿಡೀ ಹ್ಯಾಂಬರ್ಗ್, ರಾಟರ್‌ಡ್ಯಾಮ್, ಗೋಥೆನ್‌ಬರ್ಗ್ ಎಂದು ಊರುಗಳ ಹೆಸರು ಟೈಪ್ ಮಾಡುತ್ತಿದ್ದೆ. ಅವರು ಆ ಊರುಗಳ ಜನರ ಮೈ ಅಳತೆ ಬಲ್ಲವರು. "ಆ ಸ್ವೀಡನ್ ಮಂದಿ ತೋಳು ಉದ್ದ ನೋಡ್ರಿ. ಮಣಿಕಟ್ಟು ಮಾತ್ರ ಸಣ್ಣದು," ಎಂದು ನೆಂಟರ ವಿಷಯ ಹೇಳಿದ ಹಾಗೆ ಹೇಳುತ್ತಿದ್ದರು. ಒಬ್ಬನೇ ಒಬ್ಬ ಸ್ವೀಡನ್ನಿನವನನ್ನೂ ಅವರು ಕಂಡಿರಲಿಲ್ಲ. "ಒಮ್ಮೆ ಹೋಗಿ, ನಾ ಕತ್ತರಿಸಿದ ಅಂಗಿ ಅವರ ಮೈಮ್ಯಾಲೆ ಹೆಂಗ ಕುಂದರತೈತಿ ನೋಡಬೇಕ್ರಿ," ಎನ್ನುತ್ತಿದ್ದರು. ನಾನು ಹೂಂ ಅನ್ನುತ್ತಿದ್ದೆ. ಹಾಗೆ ಎಷ್ಟೋ ವರ್ಷ ಹೋಯಿತು.

ಆಮೇಲೆ ಯೂನಿಟ್ ಬೇರೆ ಊರಿಗೆ ಹೋಗುವುದೆಂದು ತೀರ್ಮಾನವಾಯಿತು. ವಯಸ್ಸಾದ ನಮ್ಮಂಥವರನ್ನು ಲೆಕ್ಕ ಮುಗಿಸಿ ಮನೆಗೆ ಕಳಿಸಿದರು. ಅಷ್ಟು ಹೊತ್ತಿಗೆ ನನ್ನ ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಆವತ್ತಿನಿಂದ ನನಗೆ ಯಾವುದೂ ಅಷ್ಟಾಗಿ ನಾಟುತ್ತಿರಲಿಲ್ಲ. ಊಟಕ್ಕೆ ಉಪ್ಪು ಕಡಿಮೆಯಾಗಿದೆ ಎಂದು ಬೇರೆಯವರು ಹೇಳಿದ ಮೇಲೆಯೇ ನನಗೆ ತಿಳಿಯುವುದು. ಕೆಲಸ ಹೋದ ದಿನವೂ ಜನಕಪುರಿಯ ಮನೆಗೆ ಬಂದು, ಬಟ್ಟೆ ಬದಲಾಯಿಸಿ, ಟಿವಿ ಹಾಕಿಕೊಂಡು ಕೂತೆ.

ನನ್ನ ಮಗಳು ಗುರುಗ್ರಾಮದಲ್ಲಿ ಕೆಲಸ ಮಾಡುತ್ತಾಳೆ. ಒಂದು ಭಾನುವಾರ ಅವಳು ಮನೆಗೆ ಬಂದಿದ್ದಾಗ ಮಾಸ್ಟರೂ ಇದ್ದರು. ಅವರ ಬಾಯಿಂದ ಸ್ವೀಡನ್ನಿನ ಮಾತು ಕೇಳಿ ಅವಳೆಂದಳು: "ಅಂಕಲ್, ಇದಕ್ಕೆ ಗ್ಯಾಪ್ ಇಯರ್ ಅಂತಾರೆ. ಕಾಲೇಜ್ ಕೇ ಬಾದ್ ಎಲ್ಲಾ ಹೋಗ್ತಾರೆ. ನೀವಿಬ್ರೂ ಆಫೀಸ್ ಕೇ ಬಾದ್ ಹೋಗಿ, ಅಷ್ಟೇ."

ಮಾಸ್ಟರ್ ನನ್ನ ಮುಖ ನೋಡಿದರು. ನಾನು, "ಹೋಗೋಣ ಬಿಡಿ," ಎಂದೆ. ಬೇಡ ಅನ್ನುವುದಕ್ಕೂ ನನ್ನಲ್ಲಿ ಕಾರಣವಿರಲಿಲ್ಲ.

ಮುಂದಿನ ನಾಲ್ಕು ತಿಂಗಳು ತಯಾರಿ ಮಾಡಿದ್ದೆಲ್ಲ ಅವರೇ. ಯುರೋಪಿನಲ್ಲಿ ಮೂರು ತಿಂಗಳು, ಆಮೇಲೆ ವಿಯೆಟ್ನಾಂ, ಅಲ್ಲಿಂದ ಮುಂದಕ್ಕೆ ಮನಸ್ಸು ಬಂದ ಕಡೆ. ಪ್ಯಾಟರ್ನ್ ಹಾಕುವ ಉದ್ದನೆಯ ಕಂದು ಕಾಗದದ ಮೇಲೆ ಸೀಮೆಸುಣ್ಣದಲ್ಲಿ ದಾರಿ ಬರೆದು ನಮ್ಮ ಮನೆಯ ಗೋಡೆಗೆ ಅಂಟಿಸಿದರು. ಇಬ್ಬರಿಗೂ ಒಂದೇ ಥರದ ಎರಡು ಕೋಟು ಹೊಲಿದರು, ಒಳಗೂ ಹೊರಗೂ ಸೇರಿ ಹನ್ನೊಂದು ಜೇಬು. ನನ್ನ ಅಳತೆ ತಗೊಳ್ಳುವಾಗ ಬೆನ್ನಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು.

"ನಿಮ್ಮ ಬಲ ಭುಜ ಅರ್ಧ ಇಂಚು ಇಳದೈತಿ."

"ಮೊದಲಿಂದ ಹಾಗೇ ಇದೆಯಾ?"

"ಇಲ್ರಿ. ನಿಮ್ಮ ಮನಿಯವರು ತೀರಿಕೊಂಡ ವರ್ಷ ನಿಮಗ ಅಂಗಿ ಹೊಲಿಯೂವಾಗ ನೋಡಿದ್ದೆ. ಆವಾಗಿಂದ."

ಅದನ್ನು ಅವರು ಯಾವತ್ತೂ ಹೇಳಿರಲಿಲ್ಲ. ಕೋಟಿನ ಬಲಭುಜಕ್ಕೆ ಒಳಗಿನಿಂದ ತೆಳ್ಳಗೆ ಒಂದು ಪದರ ಬಟ್ಟೆ ಸೇರಿಸಿ ಸಮ ಮಾಡಿದರು.

ಭಾನುವಾರ ಬೆಳಿಗ್ಗೆ ಇಬ್ಬರೂ ಬೆನ್ನಿಗೆ ಚೀಲ ಹಾಕಿಕೊಂಡು ಜನಕಪುರಿಯ ಪಾರ್ಕಿನಲ್ಲಿ ನಡೆಯುತ್ತಿದ್ದೆವು. ಚೀಲದೊಳಗೆ ಭಾರಕ್ಕೆಂದು ಹಳೆಯ ದಿನಪತ್ರಿಕೆ ಮತ್ತು ನಾಲ್ಕು ಇಟ್ಟಿಗೆ. ಯೋಗ ಮಾಡುವ ಹೆಂಗಸರು ನಮ್ಮನ್ನು ನೋಡಿ ನಗುತ್ತಿದ್ದರು. ಮಾಸ್ಟರ್ ಅವರಿಗೆ ಗಂಭೀರವಾಗಿ ನಮಸ್ತೆ ಹೇಳಿ ಮುಂದೆ ಹೋಗುತ್ತಿದ್ದರು. ದಾರಿ ತಪ್ಪುವ ಅಭ್ಯಾಸವೂ ಬೇಕೆಂದು ಅವರ ಹಟ. ಫೋನ್ ಮನೆಯಲ್ಲಿಟ್ಟು, ಮೆಟ್ರೋ ಹತ್ತಿ, ಗೊತ್ತಿಲ್ಲದ ನಿಲ್ದಾಣದಲ್ಲಿ ಇಳಿದು, ಕೇಳಿಕೊಂಡು ವಾಪಸ್ ಬರಬೇಕು. ಹಾಗೊಮ್ಮೆ ನೋಯ್ಡಾ ಕಡೆ ಹೋಗುವಾಗ ಎದುರು ನಿಂತಿದ್ದ ಒಬ್ಬ ತರುಣನ ಅಂಗಿಯನ್ನೇ ಅವರು ನೋಡತೊಡಗಿದರು. ಆಮೇಲೆ ಎದ್ದು, "ಭಯ್ಯಾ, ಒಂದು ನಿಮಿಷ," ಎಂದು ಅವನ ಕಾಲರು ಹಿಂದೆ ಮಗುಚಿದರು. ಅವನು ಸಿಟ್ಟಿನಿಂದ ಕೈ ತಳ್ಳಿದ.

"ನಾನು ಕತ್ತರಿಸಿದ್ದು ಇದು," ಎಂದು ಮಾಸ್ಟರ್ ಹಿಂದಿಯಲ್ಲಿ ಹೇಳಿದರು. "ಕಾಲರಿನ ಎಡಗಡೆ ಬಟ್ಟೆಯ ಗೆರೆ ಕೂಡಿಲ್ಲ, ಅದಕ್ಕೇ ಪರದೇಶಕ್ಕೆ ಕಳಿಸದೆ ಇಲ್ಲೇ ಮಾರಿದರು. ನಿನಗೆ ಆರಾಮಾಗಿದೆಯಾ?"

ಆ ತರುಣ ತೋಳು ಎತ್ತಿ ನೋಡಿ, ಕಂಕುಳಲ್ಲಿ ಬಿಗಿ ಎಂದ. ಮಾಸ್ಟರ್ ತಲೆಯಾಡಿಸಿ, "ಮಾಫ್ ಕರನಾ," ಎಂದು ಬಂದು ಕೂತರು. ಅವತ್ತು ನನಗೆ ನಗು ಬಂದಿತ್ತು. ಎಷ್ಟೋ ಕಾಲದ ಮೇಲೆ ಬಂದ ನಗು ಅದು.

ವೀಸಾ ಅರ್ಜಿ ಕೊಡಲು ಇಬ್ಬರೂ ಕೋಟು ಹಾಕಿಕೊಂಡೇ ಹೋದೆವು. ಬೆರಳಚ್ಚಿನ ಯಂತ್ರ ಅವರ ಹೆಬ್ಬೆರಳನ್ನು ಓದಲಿಲ್ಲ. ಆರೇಳು ಸಲ ಒತ್ತಿಸಿದರು, ಒದ್ದೆ ಬಟ್ಟೆಯಲ್ಲಿ ಒರೆಸಿ ಒತ್ತಿಸಿದರು. ಕೊನೆಗೆ ಕೌಂಟರಿನ ಹುಡುಗಿ ಏನೋ ಬರೆದುಕೊಂಡು, ಅರ್ಜಿ ತಿರುವಿ ಹಾಕಿ, ಮನೆ, ಜಮೀನು, ಕುಟುಂಬದ ಕಾಗದ ಏನೂ ಇಲ್ಲವಲ್ಲ ಅಂಕಲ್ ಎಂದಳು. ಇಲ್ಲಿ ನಿಮ್ಮವರು ಅಂತ ಯಾರಿದ್ದಾರೆ ಎಂದು ಕೇಳಿದಳು.

ಮಾಸ್ಟರ್ ಹಿಂದೆ ತಿರುಗಿ ನನ್ನನ್ನು ತೋರಿಸಿದರು. "ಇವರಿದ್ದಾರಲ್ಲ."

"ಅವರು ನಿಮ್ಮ ಜೊತೆಗೇ ಹೋಗ್ತಿದ್ದಾರಲ್ಲ?"

"ಹೌದು. ಜೊತೆಗೆ ಹೋಗ್ತೇವೆ, ಜೊತೆಗೆ ಬರ್ತೇವೆ."

ಅವಳು ಕೆಟ್ಟವಳಲ್ಲ. ಮುಗುಳ್ನಕ್ಕು ಆ ಜಾಗ ಖಾಲಿ ಬಿಟ್ಟಳು.

ಮೂರು ವಾರದ ಮೇಲೆ ಪಾಸ್‌ಪೋರ್ಟು ಬಂದವು. ನನಗೆ ವೀಸಾ ಸಿಕ್ಕಿತ್ತು. ನನ್ನ ಹೆಸರಿನಲ್ಲಿ ಮನೆ, ನನಗೊಬ್ಬಳು ಮಗಳು. ಅವರಿಗೆ ಬಂದದ್ದು ಒಂದು ಕಾಗದ. ವಾಪಸ್ ಬರುತ್ತಾರೆ ಎನ್ನುವುದಕ್ಕೆ ಸಾಕಷ್ಟು ಆಧಾರವಿಲ್ಲ ಎಂದು ಅದರಲ್ಲಿ ಬರೆದಿತ್ತು. ಅವರಿಗೆ ಓದಿ ಹೇಳಿದವನು ನಾನೇ.

"ಇನ್ನೊಮ್ಮೆ ಹಾಕಿ ನೋಡೋಣ," ಎಂದೆ.

"ಬ್ಯಾಡ್ರಿ," ಎಂದರು. ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಮಡಿಕೆಯ ಮೇಲೆ ಉಗುರಿನಿಂದ ಗೀರಿದರು, ಹೊಲಿಗೆ ಹಾಕುವ ಮುಂಚೆ ಬಟ್ಟೆಗೆ ಗೀರುವ ಹಾಗೆ. ಸ್ವಲ್ಪ ಹೊತ್ತಿನ ಮೇಲೆ, "ವಿಯೆಟ್ನಾಂ ಮೊದಲ ಮಾಡೂಣೇನ್ರಿ? ಅಲ್ಲಿ ಎಲ್ಲಾರನೂ ಬಿಡತಾರಂತ ಮಗಳು ಅಂದಿದ್ಲು," ಎಂದರು.

ಅವರು ನನ್ನಲ್ಲಿ ಏನನ್ನಾದರೂ ಕೇಳಿದ್ದು ಅದೊಂದೇ ಸಲ. ನಾನು, ವೀಸಾಕ್ಕೆ ಕೊಟ್ಟ ದಿನಾಂಕ ಬದಲಾಯಿಸುವುದು ಕಷ್ಟ, ಟಿಕೆಟ್ ಆಗಿಹೋಗಿದೆ, ಮೂರು ತಿಂಗಳು ತಾನೇ, ಮುಗಿಸಿ ನೇರ ವಿಯೆಟ್ನಾಂನ ಹನೋಯಿಗೆ ಬರುತ್ತೇನೆ, ನೀವು ದೆಹಲಿಯಿಂದ ಅಲ್ಲಿಗೇ ಬನ್ನಿ ಎಂದೆ. ಸುಳ್ಳಲ್ಲ ಅದು. ಆದರೆ ಬದಲಾಯಿಸಬಹುದೇ ಎಂದು ನಾನು ಯಾರನ್ನೂ ವಿಚಾರಿಸಿರಲಿಲ್ಲ.

"ಅಚ್ಛಾ," ಎಂದರು.

ವಿಮಾನ ನಿಲ್ದಾಣಕ್ಕೆ ಮಗಳ ಜೊತೆ ಅವರೂ ಬಂದರು. ಒಳಗೆ ಹೋಗುವ ಮುಂಚೆ ನನ್ನ ಕೋಟಿನ ಗುಂಡಿ ಒಂದೊಂದನ್ನೂ ಎಳೆದು ನೋಡಿದರು. "ಭುಜದ ಫೋಟೋ ಕಳಸ್ರಿ. ಮುಖ ಬ್ಯಾಡ. ಹಿಂದಿನಿಂದ, ಭುಜ ಅಷ್ಟ," ಎಂದರು.

ಕಳಿಸಿದೆ. ಟ್ರಾಮಿನಲ್ಲಿ, ಬೇಕರಿಯ ಸಾಲಿನಲ್ಲಿ, ಅಂಗಿ ತೊಟ್ಟ ಯಾವುದೋ ಗಂಡಸಿನ ಬೆನ್ನ ಹಿಂದೆ ನಿಂತು ಕಳ್ಳನ ಹಾಗೆ ಫೋಟೋ ತೆಗೆಯುತ್ತಿದ್ದೆ. ಅವರಿಂದ ಒಂದೆರಡು ಮಾತಿನ ಉತ್ತರ ಬರುತ್ತಿತ್ತು. "ಭುಜ ಜಗ್ಗೇತಿ." "ಇದು ಚಲೋ ಕುಂತೈತಿ." ಒಮ್ಮೆ ಮಾತ್ರ ಉದ್ದಕ್ಕೆ ಮಾತಾಡಿದ್ದರು: "ಹನೋಯಿ ಮಂದಿ ಸಣ್ಣ ಮೈಯವರ್ರಿ. ಅಳತಿ ಬ್ಯಾರೆ. ನಾ ಓದ್ಲಿಕತ್ತೇನಿ."

ಏಳನೇ ವಾರ ನಾನು ಹ್ಯಾಂಬರ್ಗ್‌ನ ಒಂದು ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಮೊಟ್ಟೆ ಬೇಯಿಸುತ್ತಿದ್ದೆ. ಮಗಳ ಫೋನ್ ಬಂತು. ನಾನಿದ್ದ ಕಡೆ ಇನ್ನೂ ಬೆಳಗಿನ ಹೊತ್ತು.

"ಪಪ್ಪಾ, ಮಾಸ್ಟರ್ ಅಂಕಲ್ ಇಲ್ಲ."

"ಎಲ್ಲಿಗೆ ಹೋದ್ರು?" ಎಂದೆ.

ನಿನ್ನೆ ಬೆಳಿಗ್ಗೆ ಗೋವಿಂದಪುರಿಯ ತಮ್ಮ ಕೋಣೆಯ ಮೆಟ್ಟಿಲ ಮೇಲೆ ಕೂತವರು ಹಾಗೇ ಒರಗಿದರಂತೆ. ಹೃದಯ ನಿಂತಿತ್ತು. ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಏನೂ ಉಳಿದಿರಲಿಲ್ಲ. ಕಟಿಂಗ್ ವಿಭಾಗದ ಹಳಬರು ನಾಲ್ಕೈದು ಜನ ಸೇರಿ ಸಂಜೆಯೇ ಎಲ್ಲ ಮುಗಿಸಿದ್ದರು. ಮಗಳಿಗೆ ತಿಳಿದದ್ದೇ ಆಮೇಲೆ. ಅವಳು ಅಳುತ್ತಿದ್ದಳು. ನಾನು, ಸರಿ, ನೀನು ಊಟ ಮಾಡು ಎಂದು ಫೋನ್ ಇಟ್ಟೆ. ಮೊಟ್ಟೆ ಬೆಂದಿತ್ತು. ತಣ್ಣೀರಿಗೆ ಹಾಕಿ, ಸುಲಿದು, ಎರಡನ್ನೂ ತಿಂದೆ. ಪಾತ್ರೆ ತೊಳೆದು ಜಾಗದಲ್ಲಿಟ್ಟೆ.

ನಾನು ತಕ್ಷಣ ವಾಪಸ್ ಬರಲಿಲ್ಲ. ಇದನ್ನು ಬರೆಯುವುದು ಕಷ್ಟ, ಆದರೆ ಆದದ್ದು ಹಾಗೆ. ಬಂದು ಮಾಡುವುದೇನಿದೆ ಎಂದುಕೊಂಡೆ. ಮಾಸ್ಟರ್ ಕಂದು ಕಾಗದದ ಮೇಲೆ ಬರೆದಿದ್ದ ಊರುಗಳಿಗೆಲ್ಲ ಅದೇ ಕ್ರಮದಲ್ಲಿ ಹೋದೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಬಂದರಿನ ಎದುರು ಒಂದು ಬೆಂಚಿನ ಮೇಲೆ ಎರಡು ಮಧ್ಯಾಹ್ನ ಕೂತಿದ್ದೆ. ಉದ್ದ ತೋಳಿನ ಜನ ಓಡಾಡುತ್ತಿದ್ದರು. ಮಣಿಕಟ್ಟು ಸಣ್ಣದೇ. ಅದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತು, ಹೇಳಲು ಯಾರೂ ಇರಲಿಲ್ಲ. ದುಃಖವಾಗುತ್ತದೆ ಎಂದು ಕಾದೆ. ಚಳಿಯಾಯಿತು, ಎದ್ದು ಬಂದೆ. ಮೂರು ತಿಂಗಳು ತುಂಬಿದ ದಿನ ಹನೋಯಿಯ ಟಿಕೆಟ್ ಬಿಟ್ಟು ದೆಹಲಿಗೆ ಬಂದೆ.

ಗೋವಿಂದಪುರಿಯ ಕೋಣೆಯನ್ನು ಮನೆಯ ಯಜಮಾನಿ ಹಾಗೇ ಬೀಗ ಹಾಕಿ ಇಟ್ಟಿದ್ದರು. ಯಾರೂ ಬಂದಿರಲಿಲ್ಲ. ನಾನೂ ಮಗಳೂ ಹೋಗಿ ಬೀಗ ತೆಗೆಸಿದೆವು. ಸ್ಟವ್, ನಾಲ್ಕು ಪಾತ್ರೆ, ಹೊಲಿಗೆ ಯಂತ್ರ. ಬಾಗಿಲ ಪಕ್ಕದಲ್ಲಿ ಚೀಲ ತುಂಬಿ ಬಾಯಿ ಕಟ್ಟಿ ನಿಲ್ಲಿಸಿದ್ದರು, ಹನೋಯಿಗೆ ಹೊರಡಲು ಇನ್ನೂ ಐದಾರು ವಾರ ಇದ್ದಾಗಲೇ. ಮಗಳು ಅದನ್ನು ಎತ್ತಲು ಹೋಗಿ, ಆಗದೆ, ಅಲ್ಲೇ ಕೂತುಬಿಟ್ಟಳು. ನಾನು ಅದನ್ನು ಬೆನ್ನಿಗೆ ಹಾಕಿಕೊಂಡು ಕೆಳಗೆ ಇಳಿದೆ.

ಕೆಳಗೆ ಯಜಮಾನಿ ಒಂದು ನೋಟುಬುಕ್ ಹಿಡಿದು ನಿಂತಿದ್ದರು. ನಾಳೆ ಪೊಲೀಸರು ಕೇಳಿದರೆ ತೋರಿಸಬೇಕು, ಸಾಮಾನು ಯಾರು ಒಯ್ದರು ಎಂದು ಬರೆಸಿಕೊಳ್ಳುತ್ತೇನೆ ಎಂದರು. ನನ್ನ ಹೆಸರು ಕೇಳಿದರು, ವಿಳಾಸ ಕೇಳಿದರು. ಆಮೇಲೆ ಪೆನ್ನು ಎತ್ತಿ ಹಿಡಿದು, "ಅವರು ನಿಮಗೆ ಏನಾಗಬೇಕು?" ಎಂದರು.

"ಒಂದೇ ಕಡೆ ಕೆಲಸ ಮಾಡ್ತಿದ್ವಿ," ಎಂದೆ.

ಅವರು ಅದನ್ನೇ ಬರೆದುಕೊಂಡು, ಕೆಳಗೆ ನನ್ನ ಸಹಿ ಹಾಕಿಸಿಕೊಂಡರು.