ಬಿಚ್ಚಿಟ್ಟ ಚಕ್ರಗಳು

ನನ್ನ ಸ್ಕೂಟರಿಗೆ ನಾಲ್ಕು ಚಕ್ರ. ಊರಿನವರು ಮಾತ್ರ ಅದನ್ನು ತ್ರಿಚಕ್ರ ಎನ್ನುತ್ತಾರೆ. ನಾನು ಪ್ರೈಮರಿ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವಳು, ಒಂದೆರಡು ಸಲ ತಿದ್ದಿ ನೋಡಿದೆ, ಆಮೇಲೆ ಬಿಟ್ಟುಬಿಟ್ಟೆ. ಎರಡು ಚಕ್ರ ಕಂಪನಿಯದು. ಇನ್ನೆರಡು ಅರಸೀಕೆರೆಯ ವೆಲ್ಡಿಂಗ್ ಅಂಗಡಿಯವರು ಹಿಂದಿನ ಚಕ್ರದ ಅಕ್ಕಪಕ್ಕಕ್ಕೆ ಕೂರಿಸಿಕೊಟ್ಟದ್ದು. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ನನ್ನ ಎಡಗಾಲಿಗೆ ಬಲವಿಲ್ಲ. ಗಾಡಿ ನಿಂತಾಗ ಕಾಲೂರಿ ಹಿಡಿಯಲು ಆಗುವುದಿಲ್ಲ, ಆ ಕೆಲಸವನ್ನು ಈ ಚಿಕ್ಕ ಚಕ್ರಗಳು ಮಾಡುತ್ತವೆ. ಆರ್‌ಟಿಓ ಕಚೇರಿಯವರೇ ನೋಡಿ, ಪಾಸು ಮಾಡಿ, ನನಗೆ ಲೈಸೆನ್ಸ್ ಕೊಟ್ಟಿದ್ದರು.

ಸ್ಕೂಟರ್ ಬರುವ ಮೊದಲು ನಾನು ನಮ್ಮೂರು ಹಾರನಹಳ್ಳಿಯ ಬಸ್‌ಸ್ಟಾಪಿನಲ್ಲಿ ನಿಲ್ಲುತ್ತಿದ್ದೆ. ಬಸ್ಸಿನ ಮೊದಲ ಮೆಟ್ಟಿಲು ಎಷ್ಟು ಎತ್ತರ ಎಂದು ಕಾಲು ನೆಟ್ಟಗಿದ್ದವರಿಗೆ ಗೊತ್ತಾಗುವುದಿಲ್ಲ. ಹಿಂದಿನವರು ತಳ್ಳುತ್ತಾರೆ, ಕಂಡಕ್ಟರ್ ಬೇಗ ಬೇಗ ಎನ್ನುತ್ತಾನೆ. ಇಲ್ಲವಾದರೆ ಅಪ್ಪ ಮೊಪೆಡ್ಡಿನಲ್ಲಿ ಶಾಲೆಗೆ ಬಿಡಬೇಕು. ತೋಟದಲ್ಲಿ ಕಾಯಿ ಕೀಳಿಸುವ ದಿನ ಅಪ್ಪನಿಗೆ ಪುರುಸೊತ್ತಿಲ್ಲ, ಅವತ್ತು ನನಗೆ ರಜೆ. ಹೆಡ್‌ಮೇಷ್ಟ್ರು ಒಮ್ಮೆ, 'ಏನಮ್ಮ, ನಿಮ್ಮ ತೋಟದಲ್ಲಿ ಕಾಯಿ ಕಿತ್ತರೆ ನಮ್ಮ ಶಾಲೆಗೆ ಗೊತ್ತಾಗುತ್ತೆ' ಎಂದಿದ್ದರು. ನಗುತ್ತಲೇ ಹೇಳಿದ್ದು, ಆದರೂ ನನಗೆ ಚುಚ್ಚಿತ್ತು.

ಸ್ಕೂಟರ್ ಬಂದ ಮೇಲೆ ಆ ಕಾಟ ತಪ್ಪಿತು. ಒಂದು ಭಾನುವಾರ ಯಾರಿಗೂ ಹೇಳದೆ ಹಳೇಬೀಡಿನ ಮೇಲೆ ಬೇಲೂರಿನ ಸೋದರತ್ತೆ ಮನೆಗೆ ಹೋಗಿಬಿಟ್ಟೆ. ಹಳೇಬೀಡಿನಲ್ಲಿ ನಿಲ್ಲಿಸಿ ಎಳನೀರು ಕುಡಿದೆ. ಅತ್ತೆ ಬಾಗಿಲು ತೆಗೆದವರೇ ನನ್ನ ಹಿಂದೆ ಯಾರಿದ್ದಾರೆಂದು ಇಣುಕಿ, 'ಯಾರ್ ಜೊತೆ ಬಂದ್ಯೇ?' ಎಂದು ಕೇಳಿದರು. 'ನನ್ನ ಜೊತೆ' ಎಂದೆ. ಅಷ್ಟು ಜಂಬ ನನಗೆ ಯಾವತ್ತೂ ಬಂದಿರಲಿಲ್ಲ.

ವರ್ಷ ತುಂಬುವುದರೊಳಗೆ ಸೆಲ್ಫ್ ಸ್ಟಾರ್ಟ್ ಕೈಕೊಟ್ಟಿತು. ಬಟನ್ ಒತ್ತಿದರೆ ಟಕ್ ಎನ್ನುತ್ತದೆ, ಅಷ್ಟೇ. ಕಿಕ್ಕರ್ ಇರುವುದು ಎಡಗಡೆ, ನನ್ನ ಸೋತ ಕಾಲಿನ ಕಡೆ. ಸಾಲದ್ದಕ್ಕೆ ಸೈಡ್‌ವೀಲಿನ ಕಂಬಿ ಅಡ್ಡ ಬೇರೆ. ಬೆಳಿಗ್ಗೆ ಮನೆಯಲ್ಲಿ ಅಪ್ಪ ಕಿಕ್ ಹೊಡೆದುಕೊಡುತ್ತಿದ್ದರು. ಸಾಯಂಕಾಲ ಶಾಲೆ ಬಿಟ್ಟ ಮೇಲೆ ರಸ್ತೆಯಲ್ಲಿ ಹೋಗುವವರನ್ನು ಕರೆಯಬೇಕು, 'ಅಣ್ಣಾ, ಒಂಚೂರು ಕಿಕ್ ಹೊಡೀರಿ.' ಯಾರೂ ಆಗಲ್ಲ ಎನ್ನುತ್ತಿರಲಿಲ್ಲ. ಅದೇ ಕಷ್ಟ. ಹೊಡೆದುಕೊಟ್ಟವರು ನನ್ನ ಕಾಲು ನೋಡುತ್ತಾರೆ, 'ಪಾಪ' ಎನ್ನುತ್ತಾರೆ, ಮನೆಯಲ್ಲಿ ಯಾರ್ಯಾರಿದ್ದಾರೆಂದು ವಿಚಾರಿಸುತ್ತಾರೆ. ನನಗೆ ಮೈ ಉರಿಯುತ್ತದೆ, ಆದರೂ ನಗಬೇಕು. ನಾಳೆ ಮತ್ತೆ ಅವರನ್ನೇ ಕರೆಯಬೇಕಲ್ಲ.

ಗಾಡಿ ವಾರಂಟಿಯಲ್ಲೇ ಇತ್ತು. ಅರಸೀಕೆರೆಯ ಆ ಶೋರೂಮು ಅಪ್ಪನಿಗೆ ಹೆಚ್ಚೂಕಮ್ಮಿ ನೆಂಟರ ಮನೆ. ಅಪ್ಪನ ಎರಡು ಮೊಪೆಡ್ಡು, ಚಿಕ್ಕಪ್ಪನ ಬೈಕು, ಎಲ್ಲ ಅಲ್ಲಿಯದೇ. ಆಯುಧಪೂಜೆಗೆ ಅಲ್ಲಿಂದ ಸ್ವೀಟ್ ಬಾಕ್ಸ್ ಬಂದರೆ ಅಪ್ಪ ಅದನ್ನು ಅಕ್ಕಪಕ್ಕದವರಿಗೆಲ್ಲ ಹಂಚಿ 'ನಮ್ ಶೋರೂಮ್ನೋರು ಕೊಟ್ಟಿದ್ದು' ಎನ್ನುತ್ತಿದ್ದರು. ಊರಿನಲ್ಲಿ ಯಾರು ಗಾಡಿ ಕೊಳ್ಳುತ್ತೇನೆಂದರೂ ಅಲ್ಲಿಗೇ ಕರೆದುಕೊಂಡು ಹೋಗುತ್ತಿದ್ದರು. ಹಾಗಾಗಿ ಅವತ್ತು ನಾವು ಧೈರ್ಯವಾಗಿಯೇ ಹೋದೆವು.

ಸರ್ವೀಸ್ ಕೌಂಟರಿನ ಹುಡುಗ ಗಾಡಿಯನ್ನು ಒಂದು ಸುತ್ತು ಹಾಕಿ ನಿಂತ. ಒಳ್ಳೆಯ ಹುಡುಗ, ಮಾತು ಮೆತ್ತಗೆ.

'ಇದು ಮಾಡಿಫಿಕೇಶನ್ ಆಗಿರೋ ಗಾಡಿ ಮೇಡಂ. ವಾರಂಟಿ ಬರಲ್ಲ.'

'ಸೆಲ್ಫ್ ಮೋಟರಿಗೂ ಸೈಡ್‌ವೀಲಿಗೂ ಏನ್ರೀ ಸಂಬಂಧ?'

'ಸಂಬಂಧ ಇಲ್ಲ ಮೇಡಂ, ನಂಗೂ ಗೊತ್ತು. ಆದ್ರೆ ಗಾಡಿ ಫೋಟೋ ತೆಗೆದು ಕಂಪನಿಗೆ ಕಳಿಸ್ಬೇಕು. ಸೈಡ್‌ವೀಲ್ ಕಂಡ ತಕ್ಷಣ ಅಲ್ಲಿ ರಿಜೆಕ್ಟ್ ಮಾಡ್ತಾರೆ.'

'ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದಂಗಾಯ್ತು' ಎಂದರು ಅಪ್ಪ. ನಾನು ಸುಮ್ಮನಿರಲಿಲ್ಲ. ಗಾಡಿ ಕೊಳ್ಳುವಾಗ ಇದೇ ಶೋರೂಮಿನವರು 'ಹಾಕಿಸ್ಕೊಳ್ಳಿ ಮೇಡಂ, ಎಲ್ಲಾರೂ ಹಾಕಿಸ್ತಾರೆ' ಎಂದು ಎದುರಿನ ವೆಲ್ಡಿಂಗ್ ಅಂಗಡಿಯನ್ನು ಕೈ ಮಾಡಿ ತೋರಿಸಿದ್ದರು. ಅದನ್ನು ಹೇಳಿದೆ. ಸರ್ಕಾರ ಒಪ್ಪಿದ ಚಕ್ರವನ್ನು ಕಂಪನಿ ಒಪ್ಪುವುದಿಲ್ಲವೇ ಎಂದೂ ಕೇಳಿದೆ. ದನಿ ಸ್ವಲ್ಪ ಏರಿತ್ತು, ಹೊಸ ಬೈಕ್ ನೋಡುತ್ತಿದ್ದವರು ತಿರುಗಿ ನೋಡಿದರು. ಹುಡುಗ ನಮ್ಮ ಹಿಂದೆಯೇ ಗೇಟಿನವರೆಗೆ ಬಂದು ಅಪ್ಪನ ಕಿವಿಯ ಹತ್ತಿರ, 'ಯಜಮಾನ್ರೇ, ಆ ಎರಡು ಚಕ್ರ ಬಿಚ್ಚಿಸಿ ನೀವೇ ಓಡಿಸ್ಕೊಂಡು ಬನ್ನಿ. ನಾನು ನೋಡೇ ಇಲ್ಲ ಅನ್ಕೋತೀನಿ' ಎಂದ.

ಹೊರಗಿನ ಗ್ಯಾರೇಜಿನಲ್ಲಿ ದುಡ್ಡು ಕೊಟ್ಟು ಹೊಸ ಮೋಟರ್ ಹಾಕಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಪ್ಪನಿಗೆ ಹಠ. 'ವಾರಂಟಿ ಅಂತ ಕೊಟ್ಟವ್ರೆ. ಸುಮ್ನೆ ಯಾಕ್ ಬಿಡಾನಾ?' ನನಗೂ ದಿನಾ ಯಾರನ್ನೋ ಕರೆದು ಕರೆದು ಸಾಕಾಗಿತ್ತು. ಹೂಂ ಎಂದೆ.

ಮುಂದಿನ ಶನಿವಾರ ಶಾಲೆ ಮುಗಿಸಿ ವೆಲ್ಡಿಂಗ್ ಅಂಗಡಿಗೆ ಹೋದೆವು. ಅವರು ಬೋಲ್ಟು ಬಿಚ್ಚಿ ಎರಡೂ ಚಕ್ರ ತೆಗೆದು ನಾನು ಕೂತಿದ್ದ ಬೆಂಚಿನ ಪಕ್ಕ ಒರಗಿಸಿಟ್ಟರು. ನನ್ನ ಸ್ಕೂಟರ್ ಎಲ್ಲರ ಸ್ಕೂಟರಿನ ಹಾಗೆ ಕಂಡದ್ದು ಅವತ್ತೇ. ಚೆನ್ನಾಗಿಯೇ ಕಾಣುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಅಪ್ಪ ಕಿಕ್ ಹೊಡೆದು, ಹತ್ತಿ, ರಸ್ತೆ ದಾಟಿ ಶೋರೂಮಿನೊಳಗೆ ಹೋದರು. ನಾನು ಚಕ್ರ ಕಾಯುತ್ತಾ ಕೂತೆ. ಎದುರಿಗೆ ನನ್ನ ಗಾಡಿ ಕಾಣುತ್ತಿದೆ, ಆದರೆ ನಾನು ಅಲ್ಲಿಗೆ ಹೋಗುವ ಹಾಗಿಲ್ಲ. ವೆಲ್ಡಿಂಗ್ ಅಂಗಡಿಯವರು ಟೀ ತರಿಸಿಕೊಟ್ಟರು. ಕುಡಿಯಲು ಮನಸ್ಸಾಗಲಿಲ್ಲ, ಕೈಯಲ್ಲೇ ಆರಿಹೋಯಿತು.

ಅಪ್ಪ ಗೆದ್ದವರ ಹಾಗೆ ಬಂದರು. ಗಾಡಿ ಬಿಟ್ಟು ಬಂದಿದ್ದರು, ಮೋಟರ್ ಬಂದ ಮೇಲೆ ಹಾಕಿಕೊಡುತ್ತಾರಂತೆ.

'ಕಂಪನಿ ಕಡೆಯೋನೊಬ್ಬ ಕೂತಿದ್ದ ಕಣವ್ವ. ಗಾಡಿ ಮಗಳ ಹೆಸ್ರಲ್ಲೈತಲ್ಲ, ಓಡ್ಸೋರು ಯಾರು ಅಂದ.'

'ನೀನೇನಂದೆ?'

'ನಾನೇ ಅಂದೆ. ಅವಳೆಲ್ಲಿ ಗಾಡಿ ಓಡಿಸ್ತಾಳೆ ಸ್ವಾಮಿ, ಅವಳ ಕೈಲಿ ಆಗಲ್ಲ, ಸುಮ್ನೆ ಹೆಸರಿಗೆ ಅಷ್ಟೇ ಅಂದೆ. ನಂಬ್ಕಂಡ.'

ಅಪ್ಪ ನಗುತ್ತಿದ್ದರು. ನನಗೆ ಅಳು ಬಂತು. ಅವರು ನನಗಾಗಿಯೇ ಹೇಳಿದ ಸುಳ್ಳು ಎಂದು ಗೊತ್ತಿತ್ತು. ಆದರೂ ಬಂತು. 'ಅವಳ ಕೈಲಿ ಆಗಲ್ಲ' ಎಂಬುದನ್ನು ಊರಿನವರು ಹೇಳಿದ್ದಾರೆ, ನೆಂಟರು ಹೇಳಿದ್ದಾರೆ. ಅಪ್ಪ ಒಬ್ಬರು ಅಂದಿರಲಿಲ್ಲ. ನಾನು ಅದನ್ನು ಹಾಗೆಯೇ ಹೇಳಿದೆ, 'ನೀನೂ ಅಂದ್ಬಿಟ್ಟೆಯಲ್ಲಪ್ಪ.' ಅಪ್ಪನ ನಗು ನಿಂತಿತು. ಬಸ್ಸಿನಲ್ಲಿ ಊರಿಗೆ ಬಂದೆವು. ಹತ್ತುವಾಗ ಅವರು ಹಿಂದಿನಿಂದ ರಟ್ಟೆ ಹಿಡಿದುಕೊಂಡರು.

ಮೋಟರ್ ಬಂತು, ಹಾಕಿದರು. ಅಪ್ಪ ಗಾಡಿ ಬಿಡಿಸಿಕೊಂಡು, ವೆಲ್ಡಿಂಗ್ ಅಂಗಡಿಯಲ್ಲಿ ಚಕ್ರ ಹಾಕಿಸಿಕೊಂಡು ಬಂದು, ಮನೆ ಮುಂದೆ ನಿಲ್ಲಿಸಿದರು. ಬಟನ್ ಒತ್ತಿದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸ್ಟಾರ್ಟ್ ಆಯಿತು. ಖುಷಿಪಡಬೇಕಾಗಿತ್ತು. ಪಟ್ಟೆ ಕೂಡ. ಆದರೆ ಶಾಲೆಯ ದಾರಿಯಲ್ಲಿ ಹಳೆಯ ಹಾಗೆ ಹಾಡು ಗುನುಗುವುದು ಆಗಲಿಲ್ಲ.

ಅದೇ ವಾರ, ನಾನು ಶಾಲೆಗೆ ಹೊರಟಿದ್ದಾಗ ಅಪ್ಪನ ಮೊಬೈಲಿಗೆ ಫೋನ್ ಬಂತು. ಶೋರೂಮಿನಲ್ಲಿ ಅವರದೇ ನಂಬರ್ ಕೊಟ್ಟಿದ್ದೆವು. ಅಪ್ಪ ಯಾವಾಗಲೂ ಸ್ಪೀಕರಿನಲ್ಲೇ ಮಾತಾಡುವುದು, ಹಾಗಾಗಿ ನನಗೂ ಕೇಳಿಸಿತು.

'ಸಾರ್, ಸರ್ವೀಸ್ ಮಾಡಿಸಿದ್ರಲ್ಲ, ನಮ್ಮ ಸರ್ವೀಸಿಗೆ ಹತ್ತಕ್ಕೆ ಎಷ್ಟು ಕೊಡ್ತೀರಾ ಸಾರ್?' ಹುಡುಗಿಯೊಬ್ಬಳು ಓದಿದ ಹಾಗೆ ಕೇಳಿದಳು.

ಹಿಂದೆಲ್ಲ ಅಪ್ಪ ಪ್ರಶ್ನೆ ಮುಗಿಯುವ ಮೊದಲೇ 'ಹತ್ತು ಹಾಕ್ಕಳವ್ವ' ಎನ್ನುತ್ತಿದ್ದರು. ಈ ಸಲ ನನ್ನ ಕಡೆ ನೋಡಿದರು. ಆಮೇಲೆ, 'ನನ್ನ ಕೇಳ್ಬೇಡ ಕಣವ್ವ. ಗಾಡಿ ನನ್ನ ಮಗಳದು. ಓಡಿಸೋಳೂ ಅವಳೇ. ಅವತ್ತು ನಾನು ಸುಳ್ಳು ಹೇಳ್ದೆ' ಎಂದು ಫೋನನ್ನು ನನ್ನ ಕೈಗೆ ಕೊಟ್ಟರು.

ಹುಡುಗಿ ತಬ್ಬಿಬ್ಬಾದಳು. ಅವಳ ಪ್ರಶ್ನೆಗಳ ಸಾಲಿನಲ್ಲಿ ಇದು ಇರಲಿಲ್ಲ.

'ಮೇಡಂ, ಹಾಗಾದ್ರೆ ಓಡ್ಸೋರು...'

'ನಾನೇ. ನನಗೆ ಎಡಗಾಲಿಲ್ಲಮ್ಮ, ಅಂದ್ರೆ ಇದೆ, ಬಲ ಇಲ್ಲ. ಗಾಡಿಗೆ ಸೈಡ್‌ವೀಲ್ ಇದೆ.'

'ಸೈಡ್‌ವೀಲ್ ಇದ್ರೆ ವಾರಂಟಿ ಇರಲ್ಲ ಮೇಡಂ. ಅದು ಬರ್ಕೊಂಡ್ರೆ ಇನ್ನು ಮುಂದೆ ಯಾವ್ದೂ...' ಅವಳು ದನಿ ತಗ್ಗಿಸಿದಳು. 'ಬರ್ಕೊಳ್ಲಾ?'

ಚಕ್ರ ಬಿಚ್ಚಿಸಿ ಎಂದಿದ್ದ ಕೌಂಟರಿನ ಹುಡುಗನ ಮಾತು ನಾನು ಎತ್ತಲಿಲ್ಲ, ಅವನ ಕೆಲಸಕ್ಕೆ ಕುತ್ತು. ಅಪ್ಪನ ಮುಖ ನೋಡಿದೆ. ಅವರು ಹೂಂ ಎನ್ನುವಂತೆ ತಲೆಯಾಡಿಸಿದರು.

'ಬರ್ಕೊಳ್ಳಮ್ಮ' ಎಂದೆ.

ಫೋನ್ ಇಟ್ಟ ಮೇಲೆ ಅಪ್ಪ, 'ಈ ಸಲ ಹಬ್ಬಕ್ಕೆ ಸ್ವೀಟ್ ಬರಾಕಿಲ್ಲ' ಎಂದರು. ನಾನು ನಕ್ಕೆ, ಅವರೂ ನಕ್ಕರು. ಊರಿಕೊಂಡು ನಡೆಯುವ ಕೋಲನ್ನು ಗಾಡಿಯ ಹಿಂದಕ್ಕೆ ಸಿಕ್ಕಿಸಿ, ಹತ್ತಿ ಕೂತು ಬಟನ್ ಒತ್ತಿದೆ. ಗೇಟು ತೆಗೆಯುತ್ತಾ ಅಪ್ಪ ಪಕ್ಕದ ಮನೆಯವರಿಗೆ ಕೇಳುವ ಹಾಗೆ ಹೇಳಿದರು, 'ನಿಧಾನಕ್ಕೆ ಓಡಿಸ್ಕೊಂಡ್ ಹೋಗವ್ವ.'