ಚುಕ್ಕಿ ಫೈಲಿನ ಮೇಷ್ಟ್ರು

ಮೇಷ್ಟ್ರ ಬಲಗೈ ತೋರುಬೆರಳಿನ ಉಗುರು ಹುಣಸೆ ಬೀಜದ ಹಾಗೆ ದಪ್ಪ, ಕಪ್ಪು. ಆ ಒಂದೇ ಬೆರಳಲ್ಲಿ ಕೀಬೋರ್ಡು ಕುಟ್ಟೋರು. ಹತ್ತು ಬೆರಳಲ್ಲಿ ಹೊಡೀರಿ ಅಂತ ಹುಡುಗರಿಗೆ ಮಾತ್ರ ಹೇಳೋರು. ಆಗ ನನಗೆ ಅರವತ್ತು. ಒಂಬತ್ತು ವರ್ಷ ಆಯ್ತು. ವೆಸ್ಟ್ ಮಾಂಬಲಂ ಗಲ್ಲಿಯ ಕಂಪ್ಯೂಟರ್ ಕ್ಲಾಸಲ್ಲಿ ಅವರು ಪಾಠ ಹೇಳೋರು, ನಾನು ಕಸ ಗುಡಿಸ್ತಿದ್ದೆ.

ಇಬ್ಬರದೂ ಕೋಲಾರದ ಕಡೆ ಮಾತು. ಒರೆಸಿದ ನೆಲ ಅವರು ತುಳಿದರೆ ನಾನು ಬೈಯದೆ ಬಿಡ್ತಿರಲಿಲ್ಲ. ಬೈಸಿಕೊಂಡು ನಗೋರು. ನನಗೆ ಓದೋಕೆ ಬರಲ್ಲ, ಇದು ತಮಿಳರ ಊರು, ತಮಿಳು ಕಲಿ ಅಂತಾಳೆ ಸೊಸೆ ಅಂದಾಗ, "ಯಾವ ಭಾಷೇಲಿ ಬೈತೀರೋ ಅದನ್ನ ಮೊದಲು ಕಲೀರಮ್ಮ" ಅಂದರು. ಬೇರೆಯವರು ಓದಿ ಹೇಳಿದ್ದನ್ನೇ ನಂಬಿಕೊಂಡು ಅಷ್ಟು ವಯಸ್ಸು ಕಳೆದಿದ್ದೆ. ಸಾಕಾಗಿತ್ತು. ಹೂಂ ಅಂದೆ.

ಅವರ ಸಿಸ್ಟಮ್ಮಲ್ಲಿ ಕಪ್ಪು ಸ್ಕ್ರೀನು ತೆರೆದ ಕೂಡಲೇ ಮಿಷನ್ನು ಎಲ್ಲಕ್ಕಿಂತ ಮೊದಲು ಒಂದು ಫೈಲು ಓದ್ಕೊಳ್ಳುತ್ತಂತೆ. ಹೆಸರಿನ ಮುಂದೆ ಚುಕ್ಕಿ ಇರೋದರಿಂದ ಸುಮ್ಮನೆ ನೋಡಿದರೆ ಅದು ಕಾಣಲ್ಲ. ನನಗೆ ಅಕ್ಷರ ಹೇಳಿಕೊಟ್ಟ ಮೇಲೆ, ಅದರೊಳಗೆ ನನಗೆ ಅಂತ ದಿನಕ್ಕೊಂದು ಮಾತು ಬರೆದಿಡೋರು. ಬೆಳಗ್ಗೆ ಸ್ಕ್ರೀನು ತೆರೆದರೆ ಆ ಮಾತು ಬರೋದು. ಓದಿ, ಬೋರ್ಡಿನ ಮೇಲೆ ಬರೆದು ತೋರಿಸಬೇಕು. ಆ ಸ್ಕ್ರೀನಿಗೆ ಒತ್ತಕ್ಷರ ಬರ್ತಿರಲಿಲ್ಲ, ಅಕ್ಕ ಅನ್ನೋದನ್ನ ಅಕ್‌ಕ ಅಂತ ಮುರಿದು ತೋರಿಸೋದು. ನಾನೂ ಹಾಗೇ ಕಲಿತೆ. ಇವತ್ತಿಗೂ ಕೈ ಹಾಗೇ ಹೋಗುತ್ತೆ. ಅಚ್ಚು ಹಾಕೋರು ತಿದ್ದಿಕೊಳ್ಳಲಿ.

ಒಂದು ದಿನ ಇನ್ನೊಂದು ಬ್ರಾಂಚಿಂದ ಹುಡುಗರ ಪರೀಕ್ಷೆ ಫೈಲುಗಳು ಆ ಸಿಸ್ಟಮ್ಮಿಗೆ ಬರಬೇಕಿತ್ತು, ಬರಲಿಲ್ಲ. ಹೊರಗಿಂದ ಫೈಲು ಬರುವಾಗಲೂ ಮಿಷನ್ನು ಅದೇ ಚುಕ್ಕಿ ಫೈಲು ಓದಿ, ನನ್ನ ಪಾಠದ ಮಾತನ್ನ ಮಧ್ಯೆ ಒದರಿಬಿಟ್ಟಿತ್ತು. ಕಾಪಿ ಅಲ್ಲಿಗೇ ನಿಂತಿತ್ತು. ಗುಡಿಸೋಳಿಗೆ ಸಿಸ್ಟಮ್ ಯಾಕೆ ಅಂತ ಓನರು ಹುಡುಗರ ಮುಂದೇನೇ ತಮಿಳಲ್ಲಿ ಕೂಗಾಡಿದ. ತಪ್ಪು ನಂದೇ ಅಂದರು ಮೇಷ್ಟ್ರು. ಎದುರಿಗೆ ಮನುಷ್ಯರು ಕೂತಿದ್ದರೆ ಮಾತ್ರ ತೋರಿಸು ಅಂತ ಒಂದು ಸಾಲು ಸೇರಿಸಿದರು, ಫೈಲುಗಳು ಬಂದವು. ಓನರಿಗೆ ಬೇಕಿದ್ದದ್ದು ಅದಲ್ಲ. ಅವಳ ಪಾಠ ಅಳಿಸು, ಇಲ್ಲ ನೀನು ಹೋಗು ಅಂದ. ಮೇಷ್ಟ್ರು ಬ್ಯಾಗು ತಗೊಂಡು ಹೋದರು.

ಆ ಓನರನ್ನ ನೆನೆದರೆ ಈಗಲೂ ಮೈ ಉರಿಯುತ್ತೆ. ಮೇಷ್ಟ್ರ ಮೇಲೂ ಕಡಿಮೆ ಸಿಟ್ಟಿಲ್ಲ. ಅವರ ಮನೇಲಿ ಕಾಲೇಜಿಗೆ ಹೋಗೋ ಮಗಳು. ನನ್ನ ಸಲುವಾಗಿ ಕೆಲಸ ಬಿಡಿ ಅಂತ ಯಾರು ಕೇಳಿದರು? ನಾನು ಕೇಳಿದ್ದನ್ನ ಮಾತ್ರ ಮಾಡಲಿಲ್ಲ. ಅವರಿಗೆ ಬಿಡದ ಕೆಮ್ಮಿತ್ತು, ಡಾಕ್ಟರಿಗೆ ತೋರಿಸಿ ಅಂತ ಬಡ್ಕೊಂಡೆ. ಕೆಲಸ ಬಿಟ್ಟು ಎರಡು ವರ್ಷ ಆದ ಮೇಲೆ ಅದೇ ಕೆಮ್ಮಲ್ಲಿ ತೀರಿಹೋದರು. ಅದಕ್ಕೂ ಸಿಟ್ಟಿದೆ.

ಅವರು ಕೆಲಸ ಬಿಟ್ಟ ಮಾರನೇ ಬೆಳಗ್ಗೆ ನಾನು ಕ್ಲಾಸಿಗೆ ಹೋಗಲಿಲ್ಲ. ರೈಲು ಹತ್ತಿ ಎಣ್ಣೂರಿನ ಅವರ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ಬೀದಿಗೆಲ್ಲ ಕೇಳೋ ಹಾಗೆ ಬೈದೆ. ಲುಂಗೀಲಿ ನಿಂತು ಪೂರ್ತಿ ಕೇಳಿಸಿಕೊಂಡರು.

"ನನಗೋಸ್ಕರ ಬಿಟ್ಟಿದ್ದರೆ ಪಾಠ ಮುಗಿಸಿ ಮೇಷ್ಟ್ರೇ. ಅರ್ಧಕ್ಕೆ ನಿಲ್ಲಿಸಿದರೆ ನಾನು ಸುಮ್ಮನಿರೋಳಲ್ಲ" ಅಂದೆ.

ಅವರ ಹೆಂಡತಿ ಚಾಪೆ ಹಾಕಿದರು. ಕೂತೆ.